ಪ್ಲೇಟ್ ಹಳದಿ ಆದ್ರೆ ಸಾಲ್ದು

ಹೋದ ಮಳೆಗಾಲದಲ್ಲಿ ಯಲಹಂಕ ಕಡೆಯ ಲ್ಯಾಬಲ್ಲಿ ನಮ್ ಹುಡುಗಿ ಓಡ್ಬಂದು "ಮೇಡಂ, 23 ವೆಲ್ ಹಳದಿ ಬಂದಿದೆ!" ಅಂದ್ಳು. ವೆಲ್ ಅಂದ್ರೆ ಪ್ಲಾಸ್ಟಿಕ್ ಪ್ಲೇಟಿನ ಪುಟ್ಟ ಗುಳಿ; ಅದರ ತಳಕ್ಕೆ ಅಂಟಿಸಿದ, ಅಂದ್ರೆ ಕೋಟ್ ಮಾಡಿದ ಪ್ರೋಟೀನನ್ನ ನಮ್ಮ ಆ್ಯಂಟಿಬಾಡಿ ಹಿಡಿದ್ರೆ ಹಳದಿಯಾಗುತ್ತೆ, ಇದೇ ಎಲೈಸಾ ಟೆಸ್ಟು. ಅವಳ ಮುಖ ನೋಡಿ ನಂಗೂ ಖುಷಿಯಾಯ್ತು, ಆದ್ರೂ ಕೇಳ್ದೆ, "ಪ್ಲೇಟಿಗೆ ಏನು ಕೋಟ್ ಮಾಡಿದ್ದೆ ಪುಟ್ಟಾ?" ಇಲಿಗೆ ಚುಚ್ಚಿದ ಅದೇ ಪ್ರೋಟೀನು ಅಂದ್ಳು.

ನಾವು ಹುಡುಕ್ತಿರೋದು ಟೈಫಾಯ್ಡ್ ಬ್ಯಾಕ್ಟೀರಿಯಾದ ಒಂದು ಪ್ರೋಟೀನನ್ನ. ವಿಡಾಲ್ ಟೆಸ್ಟ್ ನೋಡೋದು ರೋಗಿ ರಕ್ತದಲ್ಲಿರೋ ಆ್ಯಂಟಿಬಾಡಿನ, ಅದು ಹಳೇ ಸೋಂಕಿಂದಲೂ ಬಂದಿರಬಹುದು. ನಮಗೆ ಬೇಕಿರೋದು ಬ್ಯಾಕ್ಟೀರಿಯಾನೇ ಈಗ ಮೈಯಲ್ಲಿದೆ ಅಂತ ತೋರ್ಸೋ ಟೆಸ್ಟು, ಅದಕ್ಕೆ ಆ ಪ್ರೋಟೀನನ್ನ ಹಿಡಿಯೋ ಆ್ಯಂಟಿಬಾಡಿನ ಇಲಿಯಿಂದ ಮಾಡಿಸ್ತಿದೀವಿ.

ದಾರಿ ಹಳೇದೇ, 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ತೋರಿಸ್ಕೊಟ್ಟಿದ್ದು. ಆ್ಯಂಟಿಬಾಡಿ ಮಾಡೋ ಇಲಿಯ ಸ್ಪ್ಲೀನ್ (ಗುಲ್ಮ) ಸೆಲ್ಸನ್ನ ಮೈಲೋಮಾ ಕ್ಯಾನ್ಸರ್ ಸೆಲ್ಸ್ ಜೊತೆ ಬೆಸೆದು ಹ್ಯಾಟ್ (HAT) ಮೀಡಿಯಾ ಅನ್ನೋ ಸೆಲ್ಸ್ ಬೆಳೆಸೋ ದ್ರವದಲ್ಲಿ ಬಿಟ್ರೆ ಬೆಸೆಯದ ಮೈಲೋಮಾ ಸಾಯುತ್ತೆ, ಒಂಟಿ ಸ್ಪ್ಲೀನ್ ಸೆಲ್ಲಿಗೆ ಆಯಸ್ಸೇ ಕಮ್ಮಿ, ಬೆಸೆದಿದ್ದು ಮಾತ್ರ ಬೆಳೆಯುತ್ತೆ. ಇಷ್ಟಕ್ಕೆ ಕೈ ಪಳಗಿದ್ರೆ ಸಾಕು. ತಲೆ ಬೇಕಾಗೋದು ಸ್ಕ್ರೀನಿಂಗಲ್ಲಿ, ಅಂದ್ರೆ ಬೆಳೆದವುಗಳಲ್ಲಿ ಸರಿಯಾದ ಆ್ಯಂಟಿಬಾಡಿ ಮಾಡೋದನ್ನ ಆರಿಸೋದ್ರಲ್ಲಿ.

ಯಾಕಂದ್ರೆ ಆ ಪ್ರೋಟೀನನ್ನ ನಾವು ತಯಾರು ಮಾಡಿದ್ದು ಇ. ಕೋಲಿ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ, ಪ್ಯೂರಿಫೈ ಮಾಡೋಕೆ ಹಿಡಿ ಇರ್ಲಿ ಅಂತ ಬಾಲಕ್ಕೆ ಆರು ಹಿಸ್ಟಿಡಿನ್ ಟ್ಯಾಗ್ ಅಂಟಿಸಿ. ಇಲಿಗೇನು ಗೊತ್ತು ನಮಗೆ ಯಾವುದು ಮುಖ್ಯ ಅಂತ, ಟ್ಯಾಗಿಗೂ ಆ್ಯಂಟಿಬಾಡಿ ಮಾಡುತ್ತೆ, ಪ್ಯೂರಿಫೈ ಮಾಡಿದ್ಮೇಲೂ ಉಳ್ಕೊಂಡಿರೋ ಇ. ಕೋಲಿ ಕಸಕ್ಕೂ ಮಾಡುತ್ತೆ. ಅದಕ್ಕೆ ಸಂಬಂಧನೇ ಇಲ್ಲದ, ಅದೇ ಟ್ಯಾಗಿರೋ ಇನ್ನೊಂದು ಪ್ರೋಟೀನ್ ಕೋಟ್ ಮಾಡ್ಸಿ ಮತ್ತೆ ಎಲೈಸಾ ಮಾಡ್ಸಿದೆ. 14 ವೆಲ್ ಅಲ್ಲೂ ಹಳದಿ! ಹುಡುಗಿ ಕಣ್ಣಲ್ಲಿ ನೀರು.

ಉಳಿದ 9ನ್ನ ಇಡೀ ಬ್ಯಾಕ್ಟೀರಿಯಾ ಮೇಲೆ ಹಾಕಿದ್ವಿ. ನಾಲ್ಕೇ ಹಿಡಿದ್ವು. ನಾವು ಪ್ರೋಟೀನನ್ನ ಯೂರಿಯಾದಲ್ಲಿ ಕರಗಿಸಿ ತೆಗೆದಿದ್ವಲ್ಲ, ಅದರ ಮಡಿಕೆ ಬಿಚ್ಚಿಹೋಗಿತ್ತು, ಬಿಚ್ಚಿದ ರೂಪ ಕಲಿತ ಆ್ಯಂಟಿಬಾಡಿಗೆ ಮಡಿಚಿದ ರೂಪದ ಗುರುತು ಸಿಗ್ಲಿಲ್ಲ ಅಂತ ನನ್ನ ಅಂದಾಜು. ಆ ನಾಲ್ಕರಲ್ಲೂ ಎರಡು ಪ್ಯಾರಾಟೈಫಾಯ್ಡ್ ಬ್ಯಾಕ್ಟೀರಿಯಾನೂ ಹಿಡಿದ್ವು, ಅವನ್ನ ಬಿಟ್ವಿ.

ಟೆಸ್ಟ್ ಯಾವ ಸ್ಯಾಂಪಲ್ ಮೇಲೆ ನಡೆಯುತ್ತೋ ಆ ಸ್ಯಾಂಪಲ್ಲಲ್ಲಿ ಪ್ರೋಟೀನ್ ಹೆಂಗಿರುತ್ತೋ ಹಂಗೇ ಇಟ್ಟು ಮೊದಲ ದಿನದಿಂದಲೇ ಸ್ಕ್ರೀನ್ ಮಾಡಿ ಅಂತ ಈಗ ಎಲ್ಲರಿಗೂ ಹೇಳ್ತೀನಿ, ತಿಂಗಳುಗಟ್ಟಲೆ ಸೆಲ್ಸ್ ಸಾಕಿದ ಮೇಲಲ್ಲ.

ಉಳಿದ ಎರಡನ್ನ ಒಂದೊಂದೇ ಸೆಲ್ಲಿಂದ ಮತ್ತೆ ಬೆಳೆಸಿ ಜೋಡಿ ಮಾಡಿ ನೋಡಿದ್ವಿ, ಎರಡೂ ಪ್ರೋಟೀನಿನ ಒಂದೇ ಜಾಗಕ್ಕೆ ಕೂರ್ತವೆ, ಒಂದು ಕೆಳಗಿಂದ ಒಂದು ಮೇಲಿಂದ ಪ್ರೋಟೀನನ್ನ ಹಿಡಿಯೋ ಸ್ಯಾಂಡ್‌ವಿಚ್ ಟೆಸ್ಟ್ ಆಗಲ್ಲ. ಎರಡನೇ ಇಲಿಯ ಸ್ಪ್ಲೀನ್ ಸೆಲ್ಸ್ ಲಿಕ್ವಿಡ್ ನೈಟ್ರೋಜನಲ್ಲಿ ಇಟ್ಟಿದೀವಿ. ಸೋಮವಾರ ಮತ್ತೆ ಫ್ಯೂಷನ್, ಈ ಸಲ ಪ್ಲೇಟ್ ಕೋಟಿಂಗ್ ಪಟ್ಟಿ ಅವಳೇ ಬರ್ಕೊಂಡ್ ಬಂದಿದಾಳೆ.