ಬ್ಯಾಕಿಂಗ್ ಟ್ರ್ಯಾಕ್ ಅಂದರೆ ಕರೋಕೆ ಅಲ್ಲ

ಗೆಳೆಯನೊಬ್ಬ ಮೊನ್ನೆ ಜಾಝ್ ನುಡಿಸಿದ. ಚಿಕ್ಕ ಕೋಣೆ, ಇಪ್ಪತ್ತು ಇಪ್ಪತ್ತೈದು ಜನ. ಕೈಯಲ್ಲಿ ಸ್ಯಾಕ್ಸೊಫೋನ್, ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್, ಅದರಿಂದ ಸ್ಪೀಕರಿಗೆ ಒಂದು ವೈರ್. ಪಿಯಾನೊ, ಬೇಸ್, ಡ್ರಮ್ಸ್ ಮೂರೂ ಬಂದದ್ದು ಆ ಸ್ಪೀಕರಿನಿಂದ. ಜೊತೆಗೆ ನುಡಿಸಲೆಂದು ಹೀಗೆ ಮೊದಲೇ ಮುದ್ರಿಸಿಟ್ಟ ವಾದ್ಯಗಳಿಗೆ ಬ್ಯಾಕಿಂಗ್ ಟ್ರ್ಯಾಕ್ ಅನ್ನುತ್ತಾರೆ. ಮುಗಿದ ಮೇಲೆ ಒಬ್ಬರು ಅವನ ಬೆನ್ನು ತಟ್ಟಿ "ಕರೋಕೆ ಚೆನ್ನಾಗಿತ್ತು" ಅಂದರು. ಇನ್ನೊಬ್ಬರು "ಪ್ಲೇಬ್ಯಾಕ್ ಅಲ್ವಾ ಇದು?" ಅಂತ ಕೇಳಿದರು. ಇಬ್ಬರ ಮನಸ್ಸೂ ಒಳ್ಳೆಯದೇ. ಆದರೆ ಈ ಪದಗಳನ್ನು ಹೀಗೆ ಒಂದೇ ಗಂಟು ಕಟ್ಟುವುದನ್ನು ಇನ್ನೆಷ್ಟು ಸಲ ಕೇಳುವುದು?

ಪ್ಲೇಬ್ಯಾಕ್ ವಿಷಯ ಬೇಗ ಮುಗಿಯುತ್ತದೆ. ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಿದರೆ ಅದು ಪ್ಲೇಬ್ಯಾಕ್. ಗೆಳೆಯನ ಸ್ಯಾಕ್ಸೊಫೋನಿನ ಒಂದೊಂದು ಸ್ವರವೂ ಅಲ್ಲೇ, ನಮ್ಮ ಕಣ್ಣೆದುರೇ ಹುಟ್ಟಿತು.

ಕರೋಕೆ ಜಪಾನಿ ಪದ. 'ಕರಾ' ಅಂದರೆ ಖಾಲಿ. ಕರಾಟೆಯಲ್ಲಿರುವುದೂ ಇದೇ 'ಕರಾ', ಅಲ್ಲಿ ಅದು ಬರಿಗೈ. 'ಓಕೆ' ಬಂದದ್ದು ಆರ್ಕೆಸ್ಟ್ರಾ ಪದದಿಂದ. ಜಪಾನಿಯರ ಬಾಯಲ್ಲಿ ಅದು 'ಓಕೆಸುತೊರಾ' ಆಗಿ, ಆಮೇಲೆ ಬಾಲ ಕಳೆದುಕೊಂಡು 'ಓಕೆ' ಆಯಿತು. ಒಟ್ಟಿಗೆ ಸೇರಿದರೆ ಖಾಲಿ ಆರ್ಕೆಸ್ಟ್ರಾ. ಪದದ ಅರ್ಥಕ್ಕೇ ಜೋತುಬಿದ್ದರೆ ಗೆಳೆಯನದ್ದೂ ಕರೋಕೆಯೇ ಅನ್ನಬಹುದು. ಆದರೆ ಪದ ನಿಲ್ಲುವುದು ಬಳಕೆಯ ಮೇಲೆ. 1971ರಲ್ಲಿ ಕೋಬೆಯ ದೈಸುಕೆ ಇನೌಯೆ ಬಾರುಗಳಿಗೆ ಹಾಡಿನ ವಾದ್ಯಸಂಗೀತ ಮಾತ್ರ ನುಡಿಸುವ ಯಂತ್ರಗಳನ್ನು ಬಾಡಿಗೆಗೆ ಕೊಟ್ಟದ್ದು, ಬಂದವರು ತಮಗೆ ಗೊತ್ತಿರುವ ಹಾಡನ್ನೇ ಹಾಡಲಿ ಅಂತ. ಇವತ್ತಿಗೂ ಹಾಗೇ. ರಾಗ ಮೊದಲೇ ಗೊತ್ತು, ಮಾತುಗಳು ಪರದೆಯ ಮೇಲೆ ಓಡುತ್ತವೆ. ಅಲ್ಲಿ ಖಾಲಿ ಇರುವುದು ಮೂಲ ಗಾಯಕರ ಜಾಗ. ನಾವು ಅದರಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತೇವೆ.

ಜಾಝ್ ಬ್ಯಾಕಿಂಗ್ ಟ್ರ್ಯಾಕಿನಲ್ಲಿ ಆ ಜಾಗ ಯಾರದ್ದೂ ಅಲ್ಲ. ಮೂಲ ರಾಗವನ್ನು ಒಂದು ಸುತ್ತು ನುಡಿಸುತ್ತಾರೆ. ಆಮೇಲೆ ಅದೇ ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಂಪುಗಳ) ಮೇಲೆ ಅಲ್ಲಲ್ಲೇ ಹೊಸದನ್ನು ಕಟ್ಟುತ್ತಾರೆ. ಹೆಚ್ಚಿನ ಹಳೆಯ ಹಾಡುಗಳಲ್ಲಿ ಒಂದು ಸುತ್ತಿಗೆ 32 ಬಾರ್ (ತಾಳದ ಎಣಿಕೆಯ ಒಂದೊಂದು ತುಂಡು), ಬ್ಲೂಸ್ ಅನ್ನುವ ಪ್ರಕಾರವಾದರೆ 12. ಜಾಝ್‌ನವರು ಈ ಸುತ್ತನ್ನು 'ಕೋರಸ್' ಅನ್ನುತ್ತಾರೆ. ಅದಕ್ಕೂ ಗುಂಪುಗಾಯನಕ್ಕೂ ಸಂಬಂಧವಿಲ್ಲ. ಇದೂ ಜನ ತಪ್ಪು ತಿಳಿಯುವ ಪದವೇ, ಇರಲಿ.

ಈ ಟ್ರ್ಯಾಕುಗಳು ಕಲಿಯುವವರಿಗಾಗಿ ಹುಟ್ಟಿದವು. 1950ರಲ್ಲೇ 'ಮ್ಯೂಸಿಕ್ ಮೈನಸ್ ಒನ್' ಅನ್ನುವ ಕಂಪನಿ ಒಂದು ವಾದ್ಯ ಬಿಟ್ಟು ಉಳಿದದ್ದನ್ನೆಲ್ಲ ಮುದ್ರಿಸಿ ಮಾರಲು ಶುರು ಮಾಡಿತು. ನಮ್ಮ ಹಾಡುಗಾರರು 'ಮೈನಸ್ ಟ್ರ್ಯಾಕ್' ಅನ್ನುವಾಗ ಇರುವುದೂ ಇದೇ 'ಮೈನಸ್'. 1967ರಲ್ಲಿ ಅಮೆರಿಕದ ಜೇಮಿ ಏಬರ್ಸೋಲ್ಡ್ ಜಾಝ್‌ಗೆಂದೇ ಇಂಥ ರೆಕಾರ್ಡುಗಳನ್ನು ತರಲು ಶುರು ಮಾಡಿದರು. ಅವುಗಳಲ್ಲಿ ಬೇಸ್ ಒಂದು ಕಡೆಯ ಸ್ಪೀಕರಿಗೆ, ಪಿಯಾನೊ ಇನ್ನೊಂದು ಕಡೆಗೆ, ಡ್ರಮ್ಸ್ ಎರಡಕ್ಕೂ. ಬ್ಯಾಲೆನ್ಸ್ ತಿರುಪು ಒಂದು ಬದಿಗೆ ತಿರುಗಿಸಿದರೆ ಸಾಕು, ಪಿಯಾನೊದವರಿಗೆ ಪಿಯಾನೊ ಬಿಟ್ಟ ಟ್ರ್ಯಾಕ್ ಸಿಗುತ್ತಿತ್ತು. ಎಷ್ಟು ಸರಳ ಉಪಾಯ!

ಕನ್ನಡದಲ್ಲಿ ಇದಕ್ಕೆ ಸುಮ್ನೆ 'ಹಿಮ್ಮೇಳ' ಅಂತ ಬರೆದುಬಿಡುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. 'ಮೇಳ'ದಲ್ಲಿ ಕೂಡುವ ಅರ್ಥವಿದೆ. ಹಿಮ್ಮೇಳ ಅಂದರೆ ಹಿಂದೆ ಕೂತ ಮೇಳ, ಅದಕ್ಕೆ ಕಿವಿಯಿದೆ. ಮುಂದಿನವರು ಎಳೆದರೆ ಅದು ಕಾಯುತ್ತದೆ, ಓಡಿದರೆ ಜೊತೆಗೆ ಓಡುತ್ತದೆ. ಜಾಝ್‌ನಲ್ಲಿ ನಾಲ್ಕು ಬಾರ್ ಒಬ್ಬರು ನುಡಿಸಿ, ಮುಂದಿನ ನಾಲ್ಕನ್ನು ಡ್ರಮ್ಸ್‌ನವರಿಗೆ ಬಿಡುವ ಪದ್ಧತಿಯಿದೆ, ಪ್ರಶ್ನೆ ಉತ್ತರದ ಹಾಗೆ. ಟ್ರ್ಯಾಕಿನ ಡ್ರಮ್ಸ್‌ಗೆ ನೀವು ಏನೇ ಕೇಳಿ, ಉತ್ತರ ಮಾತ್ರ ಬದಲಾಗುವುದಿಲ್ಲ. ಹಾಗಾಗಿ 'ಮುದ್ರಿತ ಹಿಮ್ಮೇಳ' ಅನ್ನಿ, ಇಲ್ಲವೇ ಬ್ಯಾಕಿಂಗ್ ಟ್ರ್ಯಾಕ್ ಅಂತಲೇ ಇಟ್ಟುಕೊಳ್ಳಿ.

ಕಿವಿ ಇಲ್ಲದ್ದರ ಜೊತೆ ನುಡಿಸುವುದು ಸುಲಭ ಅಂದುಕೊಳ್ಳುತ್ತಾರೆ. ಅವತ್ತು ಮೂರನೇ ಸುತ್ತಿನಲ್ಲಿ ಗೆಳೆಯ ಒಂದು ಬಾರ್ ಮೊದಲೇ ಮುಂದಿನ ಭಾಗಕ್ಕೆ ಹಾರಿದ. ಕಾರ್ಡು ಹೊಂದಲಿಲ್ಲ, ಕೇಳುವ ನಮಗೂ ಕಿವಿ ಚುಚ್ಚಿತು. ಜೀವಂತ ಬ್ಯಾಂಡ್ ಆಗಿದ್ದರೆ ಬೇಸ್‌ನವರು ಗಮನಿಸಿ ಅವನ ಹಿಂದೆ ಬಂದುಬಿಡುತ್ತಿದ್ದರೇನೋ. ಇಲ್ಲಿ ಹಿಡಿಯುವವರಿಲ್ಲ. ಅವನು ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು ನಿಂತ. ಎಡಗಾಲ ಹೆಬ್ಬೆರಳು ಮಾತ್ರ ಎಣಿಸುತ್ತಿತ್ತು. ಆ ಸ್ವರದ ಕೆಳಗೆ ಕಾರ್ಡು ಬದಲಾಯಿತು, ಅವನು ಅಲ್ಲಿಂದಲೇ ಮುಂದೆ ಹೊರಟ.

ಕೊನೆಯಲ್ಲಿ ಟ್ರ್ಯಾಕ್ ಅವನಿಗಿಂತ ಮೊದಲೇ ಮುಗಿಯಿತು. ಸುತ್ತುಗಳ ಲೆಕ್ಕ ಮೊದಲೇ ನಿಗದಿಯಾಗಿರುತ್ತದಲ್ಲ. ಶುರು ಮಾಡಿದ ಸಾಲನ್ನು ಅವನು ನಡುವೆ ಬಿಡಲಿಲ್ಲ. ಸ್ಪೀಕರ್ ಸುಮ್ಮನಾದ ಕೋಣೆಯಲ್ಲಿ ಐದಾರು ಸ್ವರ ಒಬ್ಬನೇ ನುಡಿಸಿ, ಉಸಿರು ಬಿಟ್ಟ.