ನಮ್ಮ ‘ಕೂಲಿ’ ಅಲ್ಲಿ ಬೈಗುಳ ಆಗಿದ್ದು ಹೇಗೆ?

ಅನುವಾದ ಕಲಿಯಲು ಬರುವ ಹುಡುಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಕೂಲಿ ನಮ್ಮದೇ ಮಾತು ಅಲ್ವಾ ಮೇಡಂ? ಇಂಗ್ಲಿಷ್ ನಿಘಂಟಿನಲ್ಲಿ ಅದನ್ನ ಅವಮಾನದ ಪದ ಅಂತ ಯಾಕೆ ಗುರುತು ಮಾಡಿದ್ದಾರೆ?’

ಕನ್ನಡ, ತಮಿಳು, ತೆಲುಗಿನಲ್ಲಿ ಕೂಲಿ ಅಂದರೆ ದುಡಿದದ್ದಕ್ಕೆ ಸಿಗುವ ಹಣ. ಇಂಗ್ಲಿಷಿಗೆ ಅದು ಹೋಗಿದ್ದು ಇಲ್ಲಿಂದ ಅಂತ ಕೆಲವರು, ಗುಜರಾತಿನ ‘ಕೋಲಿ’ ಸಮುದಾಯದ ಹೆಸರಿನಿಂದ ಅಂತ ಇನ್ನು ಕೆಲವರು ಹೇಳುತ್ತಾರೆ. ಎರಡೂ ಬೆರೆತಿರಬಹುದು. ಆದರೆ ಉತ್ತರ ಇರುವುದು ಆಮೇಲಿನ ಕಥೆಯಲ್ಲಿ.

1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತು. ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. ಕರಾರು ಬರೆಸಿಕೊಂಡು ಭಾರತದ ಬಡವರನ್ನು ಹಡಗು ಹತ್ತಿಸಿದರು. ಮಾರಿಷಸ್‌ನಲ್ಲಿ ಅವರು ಇಳಿಯುತ್ತಿದ್ದ ಜಾಗಕ್ಕೆ ‘ಕೂಲಿ ಘಾಟ್’ ಅಂತಲೇ ಹೆಸರು ಬಿತ್ತು. ಈಗ ಅದು ಆಪ್ರವಾಸಿ ಘಾಟ್, 2006ರಿಂದ ವಿಶ್ವ ಪರಂಪರೆಯ ತಾಣ. ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಮದ್ರಾಸಿನಿಂದ ಮೊದಲ ಹಡಗು ‘ಟ್ರೂರೊ’ ಬಂದಿದ್ದು 1860ರ ನವೆಂಬರ್ 16ರಂದು. 1911ರ ಹೊತ್ತಿಗೆ ಡರ್ಬನ್ ಇರುವ ನಟಾಲ್ ಪ್ರಾಂತ್ಯಕ್ಕೆ ಹೀಗೆ ಹೋದವರು ಸುಮಾರು 1,52,000 ಜನ.

ಅಲ್ಲಿಯವರೆಗೆ ಅದು ಕೆಲಸದ ಹೆಸರು. ಆಮೇಲೆ ದಕ್ಷಿಣ ಆಫ್ರಿಕಾದ ಇನ್ನೊಂದು ಭಾಗವಾದ ಟ್ರಾನ್ಸ್‌ವಾಲ್‌ನ 1885ರ ಮೂರನೇ ಕಾಯ್ದೆ ನೋಡಿ. ಏಷ್ಯಾದವರಿಗೆ ಪೌರತ್ವ ಇಲ್ಲ, ಆಸ್ತಿ ಮಾಡುವಂತಿಲ್ಲ ಎಂದ ಕಾಯ್ದೆ ಅದು. ಏಷ್ಯಾದವರು ಅಂದರೆ ಯಾರು ಅಂತ ಹೇಳುವಾಗ ‘ಕೂಲಿಗಳು ಎನಿಸಿಕೊಂಡವರು, ಅರಬರು, ಮಲಯರು’ ಅಂತ ಪಟ್ಟಿ ಕೊಡುತ್ತದೆ. ಅರಬ, ಮಲಯ ಎಂಬ ಜನಾಂಗಗಳ ಸಾಲಿನಲ್ಲಿ ಕೂಲಿಯೂ ಒಂದು ಜನಾಂಗವಾಗಿ ಕೂತುಬಿಟ್ಟಿತು! 1893ರಲ್ಲಿ ಅಲ್ಲಿಗೆ ಹೋದ ಗಾಂಧೀಜಿ ‘ಕೂಲಿ ಬ್ಯಾರಿಸ್ಟರ್’ ಆದರು. ಅಂಗಡಿ ಇಟ್ಟವರು ‘ಕೂಲಿ ವ್ಯಾಪಾರಿ’ಗಳಾದರು. ಇವರ್ಯಾರೂ ಕಬ್ಬು ಕಡಿದವರಲ್ಲ. ಮೈಬಣ್ಣ ನೋಡಿ ಕೊಟ್ಟ ಹೆಸರು ಅದು.

ಬ್ರಿಟನ್ನಿನ ‘ಪಾಕಿ’ಯೂ ಹಾಗೆಯೇ. ನೋಡಲು ಪಾಕಿಸ್ತಾನದ ಹೆಸರಿನ ತುಂಡು, ಅಷ್ಟೇ. ಆದರೆ 1960ರ ದಶಕದಿಂದ ಬೀದಿಯಲ್ಲಿ ಅದನ್ನು ಕೂಗಿ ನಮ್ಮ ಕಡೆಯವರನ್ನೆಲ್ಲ ಹೊಡೆದಿದ್ದಾರೆ. ಹೊಡೆಯುವವರು ನೀವು ಲಾಹೋರಿನವರಾ, ಬೆಂಗಳೂರಿನವರಾ ಅಂತ ಕೇಳುವುದಿಲ್ಲ.

ಹಾಗಾಗಿ ‘ಮೂಲದಲ್ಲಿ ಒಳ್ಳೆ ಅರ್ಥವೇ ಇತ್ತು, ಸುಮ್ನೆ ಬೇಜಾರು ಮಾಡ್ಕೊಬೇಡಿ’ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಡರ್ಬನ್‌ನಲ್ಲಿರುವ ಭಾರತೀಯ ಮೂಲದವರಿಗೆ ಆ ಪದ ಈಗಲೂ ನೋವು ಕೊಡುತ್ತದೆ.

ಅನುವಾದಕರಿಗೆ ಇಲ್ಲಿ ನಿಜವಾದ ತೊಡಕಿದೆ. ‘ಕೂಲಿ ವಕೀಲ’ ಅಂತ ಬರೆದರೆ, ದಿನಗೂಲಿಗೆ ದುಡಿಯುವ ವಕೀಲ ಅಂತ ಕನ್ನಡದ ಓದುಗರು ತಿಳಿಯುತ್ತಾರೆ. ಅವಮಾನ ಕಾಣುವುದೇ ಇಲ್ಲ. ನಾನು ‘ಕೂಲಿ ಬ್ಯಾರಿಸ್ಟರ್’ ಅನ್ನುವುದನ್ನು ಹಾಗೇ ಉಳಿಸಿಕೊಂಡು, ಬಿಳಿಯರು ಭಾರತೀಯರನ್ನೆಲ್ಲ ಹೀಗೇ ಹೀಯಾಳಿಸುತ್ತಿದ್ದರು ಅಂತ ಅಲ್ಲೇ ಒಂದು ಸಾಲು ಸೇರಿಸುತ್ತೇನೆ.