ನಿಮ್ಮ ನಂಬರ್ ಕೊಟ್ಟಿದ್ದು ನೀವಲ್ಲ

ಫೇಸ್‌ಬುಕ್ ಥರದ ಕಂಪನಿಗಳನ್ನ ನಂಬಬೇಕಾ ಬೇಡ್ವಾ ಅನ್ನೋ ಮಾತು ಬಂದಾಗೆಲ್ಲ ಜನ ಹೇಳೋದು ಒಂದೇ, "ನಾನು ಫೋಟೋನೇ ಹಾಕಲ್ಲಪ್ಪ", "ನಂದು ಅಕೌಂಟೇ ಇಲ್ಲ, ನಂಗೇನು". ಹಾಗಾದ್ರೆ ಒಂದು ಲೆಕ್ಕ ನೋಡಿ. 2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಗಲಾಟೆ ಆಯ್ತಲ್ಲ, ಒಂದು ಕ್ವಿಜ್ ಆ್ಯಪ್ ಮೂಲಕ ಜನರ ಫೇಸ್‌ಬುಕ್ ಮಾಹಿತಿ ಆ ಹೆಸರಿನ ರಾಜಕೀಯ ಸಲಹಾ ಕಂಪನಿ ಕೈ ಸೇರಿದ್ದು, ಆಗ ಫೇಸ್‌ಬುಕ್ ತಾನೇ ಕೊಟ್ಟ ಅಂಕಿ ಪ್ರಕಾರ ಭಾರತದಲ್ಲಿ ಆ ಕ್ವಿಜ್ ಆ್ಯಪ್ ಹಾಕ್ಕೊಂಡಿದ್ದೋರು 335 ಜನ, ಮಾಹಿತಿ ಹೋಗಿರಬಹುದಾದ ಭಾರತೀಯರು 5,62,455. ಮಿಕ್ಕೋರೆಲ್ಲ ಮಾಡಿದ್ದೇನು? ಆ್ಯಪ್ ಹಾಕ್ಕೊಂಡ ಯಾರದೋ ಫ್ರೆಂಡ್ ಲಿಸ್ಟ್‌ನಲ್ಲಿದ್ರು, ಅಷ್ಟೆ. ಆಗಿನ ವ್ಯವಸ್ಥೆನೇ ಹಾಗಿತ್ತು, ಒಬ್ಬ ಓಕೆ ಒತ್ತಿದ್ರೆ ಅವನ ಸ್ನೇಹಿತರ ಲೈಕು, ಊರು ಎಲ್ಲ ಆ್ಯಪ್‌ನೋರ ಕೈಗೆ ಸಿಗ್ತಿತ್ತು. ಇಡೀ ಪ್ರಪಂಚದಲ್ಲಿ ಹೀಗೆ ಸಿಕ್ಕಿದ್ದು 8.7 ಕೋಟಿ ಜನರದ್ದು ಇರಬಹುದು ಅಂತ ಫೇಸ್‌ಬುಕ್ಕೇ ಹೇಳ್ತು. ಯಾರೂ ಹ್ಯಾಕ್ ಮಾಡ್ಬೇಕಾಗೇ ಇರಲಿಲ್ಲ.

ಆ ಬಾಗಿಲನ್ನ 2015ರಲ್ಲೇ ಮುಚ್ಚಿದ್ರು. ಆದ್ರೆ ಇನ್ನೊಂದು ಬಾಗಿಲು ಈಗ್ಲೂ ಹಾರು ಹೊಡೆದಿದೆ, ಅದೇ ಫೋನಿನ ಕಾಂಟ್ಯಾಕ್ಟ್ ಲಿಸ್ಟು. ಹೊಸ ಆ್ಯಪ್ ಹಾಕಿದ ತಕ್ಷಣ "ನಿಮ್ಮ ಸ್ನೇಹಿತರನ್ನು ಹುಡುಕಿ" ಅಂತ ಕೇಳುತ್ತೆ, ನಾವು ಹ್ಞೂಂ ಅಂತೀವಿ, ನಮ್ಮ ಅತ್ತೆ, ಓನರ್ ಅಂಕಲ್, ಹಾಲಿನೋನು, ಸಕ್ಕರೆ ಕಾಯಿಲೆ ಡಾಕ್ಟರು, ಹತ್ತು ವರ್ಷದ ಹಿಂದೆ ಬಿಟ್ಟ ಆಫೀಸಿನ ಮ್ಯಾನೇಜರು, ಎಲ್ಲರ ನಂಬರೂ ಒಟ್ಟಿಗೆ ಹೋಗ್ತವೆ. ಅವರನ್ನ ಯಾರೂ ಕೇಳಲ್ಲ. ನೀವು ಯಾವತ್ತೂ ಅಕೌಂಟ್ ತೆರೆದಿಲ್ಲ ಅಂದ್ರೂ ನಿಮ್ಮ ನಂಬರ್ ಇರೋ ಮೂವತ್ತು ಜನ ತಮ್ಮ ಲಿಸ್ಟ್ ಕೊಟ್ಟಿದ್ರೆ ನಿಮ್ಮ ಬಳಗ ಯಾವುದು ಅಂತ ಆ ಕಡೆಯಿಂದನೇ ಗೊತ್ತಾಗುತ್ತೆ.

ಇದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂದ್ರೆ, 2016ರಲ್ಲಿ ಅಮೆರಿಕದ ಪತ್ರಕರ್ತೆ ಕಶ್ಮೀರ್ ಹಿಲ್ ಒಂದು ವರದಿ ಬರೆದ್ರು. ಒಬ್ಬ ಮನೋವೈದ್ಯೆ ಹತ್ರ ಬರ್ತಿದ್ದ ರೋಗಿಗಳಿಗೆ ಫೇಸ್‌ಬುಕ್ಕು "ಇವರು ನಿಮಗೆ ಗೊತ್ತಿರಬಹುದು" ಅಂತ ಅದೇ ವೈದ್ಯೆಯ ಇತರ ರೋಗಿಗಳನ್ನ ತೋರಿಸೋಕೆ ಶುರು ಮಾಡಿತ್ತಂತೆ. ಆಕೆ ಕಾಂಟ್ಯಾಕ್ಟ್ಸ್ ಕೊಟ್ಟಿರಲಿಲ್ಲ, ರೋಗಿಗಳ ಜೊತೆ ಫ್ರೆಂಡ್ ಕೂಡ ಆಗಿರಲಿಲ್ಲ. ರೋಗಿಗಳ ಫೋನ್‌ಗಳಲ್ಲಿ ಆಕೆಯ ನಂಬರ್ ಇದ್ದಿರಬೇಕು, ಅಲ್ಲಿಂದ ಹೊಂದಿಸಿರಬೇಕು ಅನ್ನೋದು ಊಹೆ, ಕಂಪನಿ ಮಾತ್ರ ಸರಿಯಾಗಿ ಬಾಯಿ ಬಿಡಲಿಲ್ಲ. ಯಾರು ಯಾವ ಡಾಕ್ಟರ ಹತ್ರ ಹೋಗ್ತಾರೆ ಅನ್ನೋದು ಒಂದಕ್ಷರ ಪೋಸ್ಟ್ ಮಾಡದೇನೇ ಹೊರಗೆ ಬಂತು.

"ನಂಬರ್‌ಗಳನ್ನ ಹ್ಯಾಶ್ ಮಾಡಿ ಇಡ್ತೀವಿ" ಅಂತ ಎಷ್ಟೋ ಆ್ಯಪ್‌ಗಳು ಸಮಾಧಾನ ಹೇಳ್ತವೆ. ಹ್ಯಾಶ್ ಅಂದ್ರೆ ನಂಬರನ್ನ ಒಂದು ಗಣಿತದ ಸೂತ್ರಕ್ಕೆ ಹಾಕಿ ಅರ್ಥವಿಲ್ಲದ ಉದ್ದ ಅಕ್ಷರಮಾಲೆ ಮಾಡೋದು, ಅದನ್ನ ಹಿಂದಕ್ಕೆ ತಿರುಗಿಸಿ ಮೂಲ ನಂಬರ್ ತೆಗೆಯೋಕಾಗಲ್ಲ. ಪುಸ್ತಕದ ಪ್ರಕಾರ ಸರಿನೇ. ಆದ್ರೆ ನಮ್ಮ ಮೊಬೈಲ್ ನಂಬರ್‌ಗೆ ಹತ್ತೇ ಅಂಕಿ, ಶುರುವಾಗೋದು 6, 7, 8, 9ರಿಂದ ಮಾತ್ರ, ಅಂದ್ರೆ ಹೆಚ್ಚೆಂದ್ರೆ 400 ಕೋಟಿ ನಂಬರ್. ಹಿಂದಕ್ಕೆ ಯಾಕೆ ತಿರುಗಿಸ್ಬೇಕು, ಅಷ್ಟನ್ನೂ ಮುಂದಕ್ಕೇ ಲೆಕ್ಕ ಹಾಕಿ ಪಟ್ಟಿ ಇಟ್ಕೊಂಡ್ರೆ ಆಯ್ತಲ್ಲ, ಮಾಮೂಲಿ ಹ್ಯಾಶ್ ಆದ್ರೆ ಒಳ್ಳೆ ಗ್ರಾಫಿಕ್ಸ್ ಕಾರ್ಡಿಗೆ ಅದು ನಿಮಿಷದೊಳಗಿನ ಕೆಲಸ. ಹ್ಯಾಶ್‌ನ ಗೋಜೂ ಬೇಡ ಅಂತ 2025ರಲ್ಲಿ ವಿಯೆನ್ನಾದ ಸಂಶೋಧಕರು ತೋರಿಸಿದ್ರು. ಸಾಧ್ಯ ಇರೋ ನಂಬರ್‌ಗಳನ್ನೆಲ್ಲ ಕಂಪ್ಯೂಟರ್‌ನಿಂದ ಹುಟ್ಟಿಸಿ "ಇದು ವಾಟ್ಸಾಪ್‌ನಲ್ಲಿದೆಯಾ" ಅಂತ ಗಂಟೆಗೆ 10 ಕೋಟಿಗೂ ಜಾಸ್ತಿ ಕೇಳ್ತಾ ಹೋದ್ರು, ಯಾರೂ ತಡೀಲಿಲ್ಲ, ಸುಮಾರು 350 ಕೋಟಿ ಅಕೌಂಟ್ ಸಿಕ್ತು. ಮೆಸೇಜ್‌ಗಳು ಸಿಗಲಿಲ್ಲ, ಅವು ಎನ್‌ಕ್ರಿಪ್ಟ್ ಆಗಿದ್ವು. ಇವರು ಹೇಳಿದ ಮೇಲೆ ಕಂಪನಿ ಮಿತಿ ಹಾಕ್ತು.

ವಾಟ್ಸಾಪ್ ಅಂದ್ಮೇಲೆ ಮಾತು ಕೊಟ್ಟ ಕಥೆನೂ ಹೇಳ್ಬೇಕು. 2014ರಲ್ಲಿ ಫೇಸ್‌ಬುಕ್ ಅದನ್ನ ಕೊಂಡ್ಕೊಂಡಾಗ ಯುರೋಪಿನ ಅಧಿಕಾರಿಗಳಿಗೆ ಹೇಳಿದ್ದು, ಎರಡೂ ಕಡೆಯ ಅಕೌಂಟ್‌ಗಳನ್ನ ತಾನಾಗೇ ಸರಿಯಾಗಿ ಹೊಂದಿಸೋಕೆ ಆಗಲ್ಲ ಅಂತ. 2016ರಲ್ಲಿ ಹೊಂದಿಸೋ ಹೊಸ ನಿಯಮ ಬಂತು. ಹಾಗೆ ಹೊಂದಿಸೋದು 2014ರಲ್ಲೇ ಸಾಧ್ಯ ಇತ್ತು, ಫೇಸ್‌ಬುಕ್ ಸಿಬ್ಬಂದಿಗೂ ಗೊತ್ತಿತ್ತು ಅಂತ ಆ ಅಧಿಕಾರಿಗಳು 2017ರಲ್ಲಿ 11 ಕೋಟಿ ಯೂರೋ ದಂಡ ಹಾಕಿದ್ರು. ಆಮೇಲೆ ಫೇಸ್‌ಬುಕ್ ಜೊತೆ ಮಾಹಿತಿ ಹಂಚ್ಕೊಳ್ಳೋ ವಾಟ್ಸಾಪ್‌ನ 2021ರ ಪ್ರೈವೆಸಿ ಪಾಲಿಸಿ, ಒಪ್ಪಿ ಇಲ್ಲಾ ಬಿಡಿ ಅನ್ನೋ ಧಾಟಿದು, ಅದಕ್ಕೆ ನಮ್ಮ ಸ್ಪರ್ಧಾ ಆಯೋಗ 2024ರಲ್ಲಿ 213.14 ಕೋಟಿ ರೂಪಾಯಿ ದಂಡ ಹಾಕ್ತು. ಕೊಂಡಿದ್ದು 1,900 ಕೋಟಿ ಡಾಲರ್‌ಗೆ ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿದ್ರೆ ಈ ದಂಡ ಯಾವ ಲೆಕ್ಕಕ್ಕೆ.

ನಂಬರ್ ಬಿಡಿ, ಸ್ವಭಾವನೂ ಪಕ್ಕದೋರಿಂದ ಗೊತ್ತಾಗುತ್ತೆ. 2019ರಲ್ಲಿ ಬ್ಯಾಗ್ರೋ ಅನ್ನೋ ಸಂಶೋಧಕ ಮತ್ತು ಜೊತೆಗಾರರು ಸಾವಿರಾರು ಟ್ವಿಟರ್ ಬಳಕೆದಾರರ ಬರಹ ತಗೊಂಡು ಲೆಕ್ಕ ಹಾಕಿದ್ರು. ಒಬ್ಬ ಮುಂದೆ ಏನು ಬರೀತಾನೆ ಅಂತ ಅವನದೇ ಹಳೇ ಟ್ವೀಟ್‌ಗಳಿಂದ ಎಷ್ಟರ ಮಟ್ಟಿಗೆ ಊಹಿಸಬಹುದೋ ಅದರ ಸುಮಾರು 95% ಮಟ್ಟಕ್ಕೆ, ಅವನದು ಒಂದೂ ನೋಡದೆ, ಬರೀ ಎಂಟೊಂಬತ್ತು ಆಪ್ತರ ಟ್ವೀಟ್‌ಗಳಿಂದನೇ ಮುಟ್ಟಬಹುದು ಅಂತ ಬಂತು. ಅಂದ್ರೆ ಅಕೌಂಟ್ ಡಿಲೀಟ್ ಮಾಡಿದೋನೂ ಗೆಳೆಯರ ಮಾತಲ್ಲಿ ಉಳ್ಕೊಂಡಿರ್ತಾನೆ. ಒಂದೇ ಥರದೋರು ಒಟ್ಟಿಗೆ ಸೇರ್ತಾರೆ, ಅದೇ ಇಲ್ಲಿ ಕೆಲಸ ಮಾಡೋದು, ದೊಡ್ಡ ಮಂತ್ರ ಏನಿಲ್ಲ.

ಕಾನೂನು ಇಲ್ಲೇ ಎಡವೋದು ಅಂತ ನನ್ನ ಅನಿಸಿಕೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದ್ರಲ್ಲ, ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಧಾರ್ ವಿಚಾರಕ್ಕೆ. ಆಮೇಲೆ 2023ರಲ್ಲಿ ಡೇಟಾ ಕಾಯ್ದೆ ಬಂತು, ಅದು ನಿಂತಿರೋದು ಒಪ್ಪಿಗೆ ಮೇಲೆ. ಆದ್ರೆ ಕಾಂಟ್ಯಾಕ್ಟ್ ಲಿಸ್ಟಿಗೆ ಹ್ಞೂಂ ಅಂದಿದ್ದು ನಿಮ್ಮ ಭಾವ, ನಂಬರ್ ನಿಮ್ಮದು. ಸ್ವಂತ, ಮನೆ ಉಪಯೋಗಕ್ಕೆ ಮಾಹಿತಿ ಇಟ್ಕೊಳ್ಳೋ ವ್ಯಕ್ತಿಗೆ ಕಾಯ್ದೆ ಅನ್ವಯನೇ ಆಗಲ್ಲ, ಭಾವನ್ನ ಕೇಳೋ ಹಾಗಿಲ್ಲ, ಕಂಪನಿನ ಕೇಳಿದ್ರೆ ಅವರೇ ಕೊಟ್ರು ಅನ್ನುತ್ತೆ.

ಅಕೌಂಟ್ ಇಲ್ಲದೋರ ನಂಬರ್ ಅಳಿಸೋಕೆ ಅಂತ ಫೇಸ್‌ಬುಕ್, ವಾಟ್ಸಾಪ್‌ಗಳ ಒಡೆಯ ಕಂಪನಿ ಮೆಟಾ ಒಂದು ಪುಟ ಮಾಡಿದೆ, ಹೆಲ್ಪ್ ಪುಟಗಳ ಒಳಗೆಲ್ಲೋ ಹುದುಗಿಸಿಟ್ಟಿದ್ದು 2022ರಲ್ಲಿ ಸುದ್ದಿ ಆಯ್ತು. ಅಲ್ಲಿ ಹೋಗಿ ನಿಮ್ಮ ನಂಬರ್ ಟೈಪ್ ಮಾಡ್ಬೇಕು, ಇದ್ರೆ ಅಳಿಸ್ತಾರೆ, ಆದ್ರೆ ಇನ್ನೊಂದ್ಸಲ ಯಾರಾದ್ರೂ ಅಪ್‌ಲೋಡ್ ಮಾಡಿದ್ರೆ ತಡೀಬೇಕಲ್ಲ, ಅದಕ್ಕೆ ಬ್ಲಾಕ್ ಲಿಸ್ಟಿನಲ್ಲಿ ಅದರ ಒಂದು ಪ್ರತಿ ಇಟ್ಕೊಳ್ತಾರೆ.